ಗಾಡಿಗೆ ಏನು ಹೇರುವುದು? ಮುಳುಗಡೆಯ ಕಥೆ ಹಿಡಿದು ಮಕ್ಕಳಿಗೆ ವಲಸೆಯ ಪಾಠ

ಜನ ಊರು ಬಿಡುವ ಕಾರಣಗಳನ್ನು ಪಟ್ಟಿ ಮಾಡಿ ಎಂದರೆ ಆರನೇ ತರಗತಿಯ ಮಗು ಬರ, ನೆರೆ, ಉದ್ಯೋಗ, ಯೋಜನೆ ಎಂದು ನಾಲ್ಕು ಸಾಲು ಬರೆದು ನಾಲ್ಕು ಅಂಕ ತೆಗೆದುಕೊಳ್ಳುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರದ ಕಡೆಯಾದರೆ ಅದೇ ತರಗತಿಯ ಹಿಂದಿನ ಬೆಂಚಿನಲ್ಲಿ ಮುಳುಗಡೆಯವರ, ಅಂದರೆ ಶರಾವತಿ ಅಣೆಕಟ್ಟಿನ ಹಿನ್ನೀರಿಗೆ ಊರು ಕಳೆದುಕೊಂಡವರ, ಮನೆಯ ಮಗು ಕೂತಿರುತ್ತದೆ. ಭದ್ರಾವತಿಯಾದರೆ, 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಗೆಂದು ತಮಿಳು, ತೆಲುಗು ಸೀಮೆಯಿಂದ ಬಂದವರ ಮರಿಮಗಳು. ತೀರ್ಥಹಳ್ಳಿಯಾದರೆ ಆಗುಂಬೆ ಘಾಟಿ ಹತ್ತಿ ಬಂದ ಘಟ್ಟದ ಕೆಳಗಿನವರ ಮನೆಯ ಹುಡುಗ. ಈ ಮಕ್ಕಳಿಗೆ ವಲಸೆ ದೂರದ ವಿಷಯವಲ್ಲ, ಆದರೂ ಪಾಠದಲ್ಲಿ ಅವರ ಮನೆ ಕಾಣುವುದಿಲ್ಲ.

ಅದನ್ನು ಕಾಣಿಸಲು ಚಾರಿತ್ರಿಕ ಕಥೆ ಒಳ್ಳೆಯ ದಾರಿ, ಒಂದು ಷರತ್ತಿನ ಮೇಲೆ: ಕಥೆಯಲ್ಲಿ ಯಾವುದು ನಡೆದದ್ದು, ಯಾವುದು ಕಟ್ಟಿದ್ದು ಎಂದು ಬೆರಳಿಟ್ಟು ತೋರಿಸಲು ಮಗುವಿಗೆ ಬರಬೇಕು. ಅಷ್ಟು ಬರದಿದ್ದರೆ ಅದು ಇತಿಹಾಸದ ಹೆಸರಿನಲ್ಲಿ ಕಣ್ಣೀರು ತರಿಸುವ ಕೆಲಸ ಆಗುತ್ತದೆ, ಅಷ್ಟೇ.

ಇಲ್ಲಿ ಕೊಟ್ಟಿರುವ ಕ್ರಮ ಐದರಿಂದ ಎಂಟನೇ ತರಗತಿಗೆ, ಸುಮಾರು 30 ಮಕ್ಕಳಿಗೆ. 40 ನಿಮಿಷದ 8 ಪೀರಿಯಡ್, ವಾರಕ್ಕೆ ಎರಡರಂತೆ ಒಂದು ತಿಂಗಳು. ಉದಾಹರಣೆಗೆ ಶರಾವತಿ ಮುಳುಗಡೆ. ಬೇರೆ ಊರಿನವರು ಭದ್ರಾ ಅಣೆಕಟ್ಟೆಯನ್ನೋ ಕಾರ್ಖಾನೆಯನ್ನೋ ಹಿಡಿದುಕೊಳ್ಳಬಹುದು, ಕ್ರಮ ಬದಲಾಗುವುದಿಲ್ಲ. ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಹಿರಿಯರ ಮನೆಗೆ ಮಕ್ಕಳನ್ನು ಕಳಿಸುವುದು ಕಷ್ಟ, ಫೆಬ್ರವರಿ ದಾಟಿದರೆ ಪರೀಕ್ಷೆಯ ಗಲಾಟೆ.

ಶುರು ಮಾಡುವ ಮುಂಚೆ

ಒಂದು ವರ್ಷ, ಒಂದು ಮನೆ, ಹತ್ತು ವರ್ಷದ ಒಂದು ಮಗು. ಕಥೆಗೆ ಇಷ್ಟೇ ಸಾಕು. ‘ಮುಳುಗಡೆಯ ಇತಿಹಾಸ’ ಎಂದು ಇಡೀ ಕಾಲವನ್ನು ಹಿಡಿಯಲು ಹೋದರೆ ಮಕ್ಕಳು ಪ್ರಬಂಧ ಬರೆದು ಕೊಡುತ್ತಾರೆ.

ಶರಾವತಿಯ ನೀರು ಎರಡು ಸಲ ಏರಿದೆ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು 1948ರಲ್ಲಿ ಮುಗಿಯಿತು. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಎದ್ದು, ಆ ಹಳೆಯ ಅಣೆಕಟ್ಟನ್ನೇ ಮುಳುಗಿಸಿತು. ಬರಗಾಲದ ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದಾಗ ಅದು ಈಗಲೂ ತಲೆ ಎತ್ತುತ್ತದೆ. ಮಕ್ಕಳ ಕಥೆಗೆ 1960ರಿಂದ 1964ರ ನಡುವಿನ ಕಾಲ ಅನುಕೂಲ, ಕಾರಣ ಬರೀ ಲೆಕ್ಕದ್ದು: 1964ರಲ್ಲಿ ಹತ್ತು ವರ್ಷದವರಾಗಿದ್ದವರು 1954ರಲ್ಲಿ ಹುಟ್ಟಿದವರು, ಈಗ ಎಪ್ಪತ್ತು ದಾಟಿದವರು. ನೆನಪು ಗಟ್ಟಿ ಇರುವವರು ಇನ್ನೂ ಸಿಗುತ್ತಾರೆ. 1948ರವರನ್ನು ಹುಡುಕುವುದು ಕಷ್ಟ.

ಊರಿಗೆ ಕಲ್ಪಿತ ಹೆಸರಿಡಿ. ಹೋಬಳಿ, ಹೊಳೆ, ಸಂತೆಯ ಊರು ನಿಜದ್ದೇ ಇರಲಿ. ನಿಜವಾದ ಹಳ್ಳಿಯ ಹೆಸರು ಬಳಸಿದರೆ ‘ಇದು ನಮ್ಮ ಮನೆಯ ಸುದ್ದಿ’ ಎಂದು ಯಾರಾದರೂ ಶಾಲೆಯ ಬಾಗಿಲಿಗೆ ಬರುವುದು ಖಂಡಿತ, ಅವರ ಸಿಟ್ಟು ತಪ್ಪೂ ಅಲ್ಲ.

ಓದಿಗೆ ಸಾಗರದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಇದೆ. 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಮಕ್ಕಳ ಕಾದಂಬರಿ. ಒಂದು ಪ್ರತಿ ಇದ್ದರೂ ನಡೆಯುತ್ತದೆ, ದಿನಕ್ಕೆ ಹತ್ತು ನಿಮಿಷ ನೀವೇ ಗಟ್ಟಿಯಾಗಿ ಓದಿ. ‘ಈ ಕಥೆಯ ನೀತಿ ಏನು’ ಎಂದು ಮಾತ್ರ ಕೇಳಬೇಡಿ.

ಸಾಮಾನು: 5 ಮಕ್ಕಳ ಗುಂಪಿಗೆ ಒಂದು ಡ್ರಾಯಿಂಗ್ ಶೀಟು, 30 ರಟ್ಟಿನ ಚೀಟಿ, ನೀಲಿ-ಹಸಿರು-ಕೆಂಪು ಬಣ್ಣದ ಪೆನ್ಸಿಲ್ ಒಂದೊಂದು. ಇಡೀ ತರಗತಿಗೆ ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ತಗಡಿನ ಟ್ರೇ, ಅರ್ಧ ಬುಟ್ಟಿ ಜೇಡಿಮಣ್ಣು, ಒಂದು ಕೊಡ ನೀರು, ತಾಲ್ಲೂಕು ನಕ್ಷೆ.

ಮೊದಲ ಪೀರಿಯಡ್: ಮಾತು

ಬೋರ್ಡಿನ ಮೇಲೆ ನಾಲ್ಕು ಪದ ಬರೆಯಿರಿ: ಗುಳೆ, ವಲಸೆ, ಎತ್ತಂಗಡಿ, ಒಕ್ಕಲೆಬ್ಬಿಸುವುದು. ಯಾವುದರಲ್ಲಿ ಹೋಗುವವನ ಇಷ್ಟ ಎಷ್ಟಿದೆ? ಯಾವುದರಲ್ಲಿ ವಾಪಸು ಬರುವ ಆಸೆ ಇದೆ? ಗುಳೆ ಹೋದವನು ಮಳೆ ಬಿದ್ದರೆ ತಿರುಗಿ ಬರುತ್ತಾನೆ. ಒಕ್ಕಲೆಬ್ಬಿಸಿದವನಿಗೆ ತಿರುಗಿ ಬರಲು ಜಾಗ ಇಲ್ಲ. ಮುಳುಗಡೆಯಲ್ಲಂತೂ ಆ ಜಾಗವೇ ನೀರಿನಡಿ. ಇಷ್ಟನ್ನು ಮಕ್ಕಳೇ ಹೇಳುತ್ತಾರೆ, ನೀವು ಸುಮ್ಮನಿದ್ದರೆ.

ಆಮೇಲೆ ಎರಡು ವಾಕ್ಯ: ‘ನೀರು ಬಂತು.’ ‘ನೀರು ನಿಲ್ಲಿಸಿದರು.’ ಮೊದಲನೆಯದರಲ್ಲಿ ಮಾಡಿದವರು ಇಲ್ಲ, ಅದು ನೆರೆಗೆ ಹೊಂದುವ ಮಾತು. ಮುಳುಗಡೆಯ ಕಥೆ ಬರೆಯುವಾಗ ಮಕ್ಕಳು ಕೈತಪ್ಪಿ ಮೊದಲನೆಯದನ್ನೇ ಬರೆಯುತ್ತಾರೆ, ಯಾಕೆಂದರೆ ಮನೆಯಲ್ಲೂ ಹಿರಿಯರು ಹಾಗೇ ಹೇಳುತ್ತಾರೆ. ಹಿರಿಯರ ಮಾತನ್ನು ತಿದ್ದಬೇಡಿ. ಬರೆಯುವವರಿಗೆ ಮಾತ್ರ ಈ ವ್ಯತ್ಯಾಸ ಗೊತ್ತಿರಲಿ.

ಎರಡನೆಯದು: ಟ್ರೇಯಲ್ಲಿ ಹೊಳೆ

ಹಿಂದಿನ ದಿನವೇ ಟ್ರೇಯಲ್ಲಿ ಮಣ್ಣು ಮೆತ್ತಿ ಮೂರು ಗುಡ್ಡ ಮಾಡಿಸಿ: ಒಂದು 6 ಸೆಂಟಿಮೀಟರ್ ಎತ್ತರ, ಎರಡು 5. ನಡುವೆ ಹೊಳೆ, ಹೊಳೆಯ ಬದಿಗೆ ಗದ್ದೆ, ಗದ್ದೆಗಿಂತ ಸ್ವಲ್ಪ ಮೇಲೆ ಅಡಿಕೆ ತೋಟ ಮತ್ತು ಮನೆಗಳು, ಊರಿಂದ ಊರಿಗೆ ಹೋಗುವ ಗಾಡಿದಾರಿ. ಮನೆಗೆ ಹುಣಸೆಬೀಜ, ದಾರಿಗೆ ಬಿಳಿ ನೂಲು. ಒಂದು ತುದಿಯಲ್ಲಿ ರಟ್ಟು ನಿಲ್ಲಿಸಿ ಸುತ್ತ ಮಣ್ಣು ಒತ್ತಿದರೆ ಅಣೆಕಟ್ಟು. 4 ಸೆಂಟಿಮೀಟರ್ ಎತ್ತರಕ್ಕೆ ಸುತ್ತಲೂ ಗೆರೆ ಎಳೆಯಿರಿ. ಲಿಂಗನಮಕ್ಕಿಗೆ ಇಂಥ ಗೆರೆ ಸಮುದ್ರಮಟ್ಟದಿಂದ 1819 ಅಡಿಯಲ್ಲಿದೆ. ಪ್ರತಿ ಮಳೆಗಾಲ ಪೇಪರಿನಲ್ಲಿ ಬರುವ ‘ಗರಿಷ್ಠ ಮಟ್ಟ’ ಇದೇ.

ನೀರನ್ನು ಅಣೆಕಟ್ಟಿನ ಮೂಲೆಯಿಂದ, ಲೋಟದಲ್ಲಿ, ನಿಧಾನವಾಗಿ ಸುರಿಯಿರಿ. ಗುಡ್ಡದ ಮೇಲೆ ಸುರಿದರೆ ಮಣ್ಣು ಕರಗಿ ಎಲ್ಲ ರಾಡಿ. ಮಣ್ಣನ್ನು ಆ ದಿನ ಬೆಳಿಗ್ಗೆ ಮೆತ್ತಿದ್ದರೂ ಇದೇ ಗತಿ, ಒಂದು ರಾತ್ರಿ ಒಣಗಲೇಬೇಕು. ಮೂರ್ನಾಲ್ಕು ಲೀಟರಿಗೆ ನೀರು ಗೆರೆ ಮುಟ್ಟುತ್ತದೆ.

ನೋಡಬೇಕಾದ್ದು ಮುಳುಗಿದ ಮನೆಯನ್ನಲ್ಲ. ಅದನ್ನು ಮಕ್ಕಳು ತಾವೇ ನೋಡಿ ಕೂಗುತ್ತಾರೆ. ಮುಳುಗದೆ ಉಳಿದ ಮನೆಯತ್ತ ಬೆರಳು ತೋರಿಸಿ: ಈ ಮನೆಯವರು ಸಂತೆಗೆ ಹೋಗುವುದು ಹೇಗೆ? ಬಿಳಿ ನೂಲು ನೀರಿನಡಿ ಇದೆ. ಹಿನ್ನೀರಿನಾಚೆಯ ತುಮರಿ, ಸಿಗಂದೂರು ಕಡೆಯವರು ಸಾಗರಕ್ಕೆ ಬರಲು ದಶಕಗಟ್ಟಲೆ ಹೊಳೆಬಾಗಿಲಿನ ಲಾಂಚನ್ನೇ ನೆಚ್ಚಿಕೊಂಡಿದ್ದರು. ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈಯಲ್ಲಿ. ಜಮೀನು ಮುಳುಗದವರಿಗೂ ಊರು ದೂರವಾಯಿತು ಎಂಬುದು ಈ ಟ್ರೇಯಲ್ಲಿ ಒಂದು ನಿಮಿಷದಲ್ಲಿ ತಿಳಿಯುತ್ತದೆ.

ಮೂರು ಮತ್ತು ನಾಲ್ಕು: ಗಾಡಿ

ಇಡೀ ತಿಂಗಳಿನ ಜೀವ ಇಲ್ಲಿದೆ, ಅವಸರ ಬೇಡ.

ಪ್ರತಿ ಗುಂಪು ಒಂದು ಮನೆ. ಒಂದು ಜೋಡಿ ಎತ್ತು, ಒಂದು ಗಾಡಿ, 500 ಕಿಲೋ ಮಿತಿ. ಇದು ಆಟಕ್ಕೆಂದು ಇಟ್ಟುಕೊಂಡ ಅಂಕಿ ಎಂದು ಮಕ್ಕಳಿಗೆ ಮೊದಲೇ ಹೇಳಿ. ಚೀಟಿಯ ಮೇಲೆ ಸಾಮಾನು, ತೂಕ: ಭತ್ತದ ಮೂಟೆ ಆರು, ಒಂದಕ್ಕೆ 60 ಕಿಲೋ. ಬಿತ್ತನೆ ಭತ್ತ 30. ನೇಗಿಲು, ನೊಗ 30. ಬೀಸುವ ಕಲ್ಲು 30. ಒರಳು 80. ತಾಮ್ರದ ಹಂಡೆ 12. ಉಪ್ಪಿನಕಾಯಿ ಭರಣಿ 10. ಬಟ್ಟೆಯ ಪೆಟ್ಟಿಗೆ 25. ಕಂಬಳಿ ಐದು, ಒಟ್ಟು 15. ಮುಂಬಾಗಿಲು 40. ಮಂಗಳೂರು ಹಂಚು ನೂರು, 250. ಎಲ್ಲ ಸೇರಿ 882 ಕಿಲೋ. 382 ಕಿಲೋ ಬಿಟ್ಟು ಹೋಗಬೇಕು.

ಹದಿನೈದು ನಿಮಿಷ ಜಗಳಾಡಲು ಬಿಡಿ. ಹತ್ತನೇ ನಿಮಿಷಕ್ಕೆ ಹೇಳಿ: ಅಜ್ಜಿಗೆ ನಡೆಯಲಾಗುವುದಿಲ್ಲ, ಗಾಡಿಯಲ್ಲಿ 45 ಕಿಲೋ ಜಾಗ ಮಾಡಿ. ಸಾಮಾನ್ಯವಾಗಿ ಮೊದಲು ಇಳಿಯುವುದು ಹಂಚು, ಆಮೇಲೆ ಒರಳು. ಹಂಚು ಇಳಿಸಿದ ಗುಂಪಿಗೆ ಕೇಳಿ, ಜೂನ್ ಮೊದಲ ವಾರ ಎಲ್ಲಿ ಮಲಗುತ್ತೀರಿ? ಬಿತ್ತನೆ ಭತ್ತ ಬಿಟ್ಟ ಗುಂಪಿಗೆ, ಮುಂದಿನ ವರ್ಷ ಏನು ಉಣ್ಣುತ್ತೀರಿ? ಯಾವ ಆಯ್ಕೆಯನ್ನೂ ತಪ್ಪು ಎನ್ನಬೇಡಿ. ಯಾವುದೂ ಸರಿ ಅಲ್ಲದ ಲೆಕ್ಕವಾದ್ದರಿಂದಲೇ ಈ ಆಟ ಇಟ್ಟಿರುವುದು.

ಮರುದಿನ ಎರಡನೇ ಕಂತಿನ ಚೀಟಿ ಕೊಡಿ. ಇವುಗಳ ತೂಕ ಸೊನ್ನೆ: ಹೊಳೆದಂಡೆಯ ಜೀರಿಗೆ ಮಿಡಿ (ಉಪ್ಪಿನಕಾಯಿಗೆ ಹಾಕುವ ಎಳೆ ಮಾವು) ಮರ. ಊರ ದೇವತೆ ಚೌಡಿಯ ಬನ. ಹೊಳೆ ಎಲ್ಲಿ ಮೊಣಕಾಲುದ್ದ ಎಂಬ ತಿಳಿವಳಿಕೆ. ಕರೆದಾಗ ಬರುವ ಸೂಲಗಿತ್ತಿ. ಕಷ್ಟಕ್ಕೆ ಎರಡು ಕೊಳಗ ಭತ್ತ ಸಾಲ ಕೊಡುವ ಮನೆ. ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ. ತೂಕವಿಲ್ಲ, ಆದರೆ ಗಾಡಿಗೆ ಏರುವುದಿಲ್ಲ. ಇವುಗಳಲ್ಲಿ ಯಾವುದು ಹೊಸ ಊರಿನಲ್ಲಿ ಒಂದು ವರ್ಷದಲ್ಲಿ ಸಿಗಬಹುದು, ಯಾವುದು ಹತ್ತು ವರ್ಷಕ್ಕೆ, ಯಾವುದು ಸಿಗುವುದೇ ಇಲ್ಲ ಎಂದು ಗುಂಪು ವಿಂಗಡಿಸಲಿ.

ಇಲ್ಲೇ ಅಡಿಕೆಯ ಲೆಕ್ಕವನ್ನೂ ಮಾಡಿಸಿ. ಇವತ್ತು ನೆಟ್ಟ ಅಡಿಕೆ ಸಸಿ ಫಸಲಿಗೆ ಬರಲು ಕಡಿಮೆಯೆಂದರೂ ಐದಾರು ವರ್ಷ. ಹತ್ತು ವರ್ಷಕ್ಕೆ ಊರು ಬಿಟ್ಟ ಹುಡುಗಿ ಹೊಸ ತೋಟದ ಮೊದಲ ಅಡಿಕೆ ಗೊನೆ ನೋಡುವಾಗ ಹದಿನಾರರವಳು. ಆ ಆರು ವರ್ಷ ಮನೆ ನಡೆದದ್ದು ಹೇಗೆ? ಕಥೆಯ ಅರ್ಧ ಈ ಒಂದು ಪ್ರಶ್ನೆಯಲ್ಲಿದೆ.

ಒಂದು ಗುಂಪಿನ ಚೀಟಿಯಲ್ಲಿ ಮಾತ್ರ ‘ಗೇಣಿ ಒಕ್ಕಲು’ ಎಂದು ಬರೆದಿಡಿ. ಉಳುತ್ತಾರೆ, ಆದರೆ ಜಮೀನು ಅವರ ಹೆಸರಿನಲ್ಲಿಲ್ಲ. ಗೇಣಿ ಅಳೆಯುವ ಕೊಳಗದ ಜಗಳದಿಂದಲೇ ಇದೇ ಸಾಗರ ತಾಲ್ಲೂಕಿನಲ್ಲಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆಯಿತು. ಉಳುವವನಿಗೆ ಹಕ್ಕು ಕೊಟ್ಟ ಭೂಸುಧಾರಣೆ ಬಂದದ್ದು 1974ರಲ್ಲಿ, ನೀರು ನಿಂತು ಹತ್ತು ವರ್ಷದ ಮೇಲೆ. ಕಾಗದದಲ್ಲಿ ಹೆಸರಿಲ್ಲದವನ ಹೆಸರು ಪರಿಹಾರದ ಪಟ್ಟಿಯಲ್ಲಿ ಬರುವುದು ಹೇಗೆ? ಒಂದೇ ನೀರು ಎರಡು ಮನೆಗೆ ಬೇರೆ ಬೇರೆಯಾಗಿ ಬಂತು ಎಂದು ಮಕ್ಕಳಿಗೆ ಆಗ ಹೊಳೆಯುತ್ತದೆ.

ಐದನೆಯದು: ಹಿರಿಯರ ಮನೆಗೆ

ಇಬ್ಬರು ಮಕ್ಕಳು, ಒಬ್ಬ ದೊಡ್ಡವರು, 40 ನಿಮಿಷ. ಇಡೀ ತರಗತಿಯನ್ನು ಕರೆದುಕೊಂಡು ಹೋಗುವುದೂ ಅಜ್ಜನನ್ನು ಶಾಲೆಗೆ ಕರೆಸಿ ಮೈಕು ಕೊಡುವುದೂ ಎರಡೂ ಕೆಡುತ್ತವೆ. ಮೈಕು ಹಿಡಿದರೆ ಭಾಷಣ ಬರುತ್ತದೆ. ಅಡಿಕೆ ಸುಲಿಯುವ ಹೊತ್ತಿಗೆ ಹೋಗಿ ಪಕ್ಕದಲ್ಲಿ ಕೂತರೆ ಮಾತು ತಾನಾಗಿ ಬರುತ್ತದೆ, ಕೈಗೆ ಕೆಲಸ ಇದ್ದಾಗ ಬಾಯಿ ಸಡಿಲ.

‘ಆಗ ನಿಮಗೆ ಹೇಗನಿಸಿತು’ ಎಂಬ ಟಿವಿಯವರ ಪ್ರಶ್ನೆ ಬೇಡ. ಅದಕ್ಕೆ ಉತ್ತರ ‘ಏನು ಹೇಳೋದು ಮಗ’ ಅಷ್ಟೇ. ಇವನ್ನು ಕೇಳಿಸಿ: ಹೊಸ ಜಾಗದಲ್ಲಿ ಮೊದಲ ರಾತ್ರಿ ಒಲೆ ಎಲ್ಲಿ ಹೂಡಿದಿರಿ? ಕುಡಿಯುವ ನೀರು ಎಷ್ಟು ದೂರ? ದನ ಹೊಸ ಕೊಟ್ಟಿಗೆಗೆ ಹೊಂದಿಕೊಂಡವೋ, ತಪ್ಪಿಸಿಕೊಂಡವೋ? ಹಳೆ ಊರಿನಿಂದ ತಂದದ್ದು ಯಾವುದಾದರೂ ಇನ್ನೂ ಮನೆಯಲ್ಲಿದೆಯೆ? ಕೊನೆಯ ಪ್ರಶ್ನೆಗೆ ಒಂದು ಕಡಗೋಲೋ ಮೆಟ್ಟುಗತ್ತಿಯೋ ಹೊರಬಂದರೆ ಕಥೆ ಅಲ್ಲಿಂದಲೇ ಶುರು.

ಕೇಳಬಾರದ್ದೂ ಇದೆ: ಪರಿಹಾರ ಎಷ್ಟು ಬಂತು, ಹಕ್ಕುಪತ್ರ ಇದೆಯೋ ಇಲ್ಲವೋ, ಜಾತಿ ಯಾವುದು. ಮುಳುಗಡೆ ಸಂತ್ರಸ್ತರ ಜಮೀನಿನ ಹಕ್ಕಿನ ತಕರಾರು ಇನ್ನೂ ಮುಗಿದಿಲ್ಲ. ಮಗುವಿನ ನೋಟುಪುಸ್ತಕದಲ್ಲಿ ಸರ್ವೆ ನಂಬರ್ ಇರಬೇಕಾದ್ದಿಲ್ಲ. ಫೋನಿನಲ್ಲಿ ರೆಕಾರ್ಡು ಮಾಡುವುದಿದ್ದರೆ ಮೊದಲೇ ಕೇಳಿ, ಬೇಡ ಎಂದರೆ ಬೇಡ. ಅಜ್ಜಿಯ ಕಣ್ಣು ತುಂಬಿದರೆ ಪುಸ್ತಕ ಮುಚ್ಚಿ ಸುಮ್ಮನೆ ಅಡಿಕೆ ಸುಲಿಯುವುದು, ಇದನ್ನು ಮಕ್ಕಳಿಗೆ ಹೊರಡುವ ಮುಂಚೆ ಹೇಳಿರಬೇಕು.

ಆರನೆಯದು: ಕಾಲದ ಜರಡಿ

ಬರೆಯುವ ಮುಂಚೆ ಗೋಡೆಗೆ ಒಂದು ಪಟ್ಟಿ ಹಚ್ಚಿ. ಮಕ್ಕಳು ಎಡವುವುದು ಸಾಮಾನ್ಯವಾಗಿ ಇದೇ ಜಾಗಗಳಲ್ಲಿ.

‘ಕರ್ನಾಟಕ ಸರ್ಕಾರ’ ಎಂದು ಬರೆಯುತ್ತಾರೆ. 1956ರ ನವೆಂಬರ್ 1ಕ್ಕೆ ಒಂದಾದ ರಾಜ್ಯದ ಹೆಸರು ಮೈಸೂರು. ಕರ್ನಾಟಕ ಆದದ್ದು 1973ರ ನವೆಂಬರ್ 1ಕ್ಕೆ. ಹಣಕ್ಕೆ 1957ರ ಏಪ್ರಿಲ್ 1ರಿಂದ ನಯಾಪೈಸೆ, ನೂರಕ್ಕೆ ಒಂದು ರೂಪಾಯಿ. ಆದರೆ ಅಜ್ಜಿ ‘ನಾಲ್ಕಾಣೆ’ ಎಂದೇ ಹೇಳುತ್ತಾಳೆ, ಪಾತ್ರದ ಬಾಯಲ್ಲಿ ಅದು ಸರಿ, ಸರ್ಕಾರಿ ನೋಟೀಸಿನಲ್ಲಿ ತಪ್ಪು. ಅಳತೆಗೆ ಸೇರು, ಕೊಳಗ, ಖಂಡುಗ. ಕಿಲೋ ಆಗ ತಾನೇ ಬರುತ್ತಿತ್ತು. ಪ್ಲಾಸ್ಟಿಕ್ ಕೊಡ, ಟಾರ್ಪಾಲಿನ ನೀಲಿ ಶೀಟು ಬೇಡ, ಮಳೆಗೆ ಗೊರಬು, ಕಂಬಳಿಕೊಪ್ಪೆ. ದೀಪಕ್ಕೆ ಚಿಮಣಿ, ಲಾಟೀನು. ಹೊಳೆಯಿಂದ ಕರೆಂಟು ಹೊರಟಿತು ನಿಜ, ಹೊಳೆ ಬಿಟ್ಟವರ ಗುಡಿಸಲಿಗೆ ಅದೇ ದಿನ ಬರಲಿಲ್ಲ. ಕಥೆಯ ಹುಡುಗ ಹೊಸ ಊರಿಗೆ ಬಂದ ಸಂಜೆಯೇ ಸ್ವಿಚ್ಚು ಒತ್ತಿದರೆ ಕೆಂಪು ಗೆರೆ ಎಳೆಯಿರಿ.

ಏಳನೆಯದು: ಬರವಣಿಗೆ

ಮೂರು ಪುಟ, ಒಂದೇ ದಿನದ ಕಥೆ: ಹೊರಡುವ ದಿನ, ಅಥವಾ ಹೊಸ ಜಾಗದ ಮೊದಲ ದಿನ. ಮಾದರಿಗೆ ಈ ತುಣುಕು ಓದಿ:

‘ಅಜ್ಜಿ ಗಾಡಿ ಹತ್ತಲಿಲ್ಲ. ಮಿಡಿ ಇನ್ನೂ ಕೊಯ್ಯುವ ಹದಕ್ಕೆ ಬಂದಿಲ್ಲ, ಹದಿನೈದು ದಿನ ತಾಳಿ ಎಂದಳು. ಹೊಳೆದಂಡೆಯ ಮರ ಹೋದ ವರ್ಷದ ಹಾಗೇ ಗೊಂಚಲು ಗೊಂಚಲು ಬಿಟ್ಟಿತ್ತು. ಅದಕ್ಕೆ ನೋಟೀಸು ಬಂದಿರಲಿಲ್ಲ. ಅಪ್ಪ ಮಾತಾಡದೆ ಹಂಚು ಇಳಿಸುತ್ತಿದ್ದ. ಒಂದು ಒಡೆದಾಗ ಎಣಿಕೆ ತಪ್ಪಿ, ಮತ್ತೆ ಒಂದರಿಂದ ಶುರು ಮಾಡಿದ.’

ಈಗ ಬಣ್ಣದ ಪೆನ್ಸಿಲ್. ಗೊತ್ತಿರುವುದಕ್ಕೆ ನೀಲಿ: ಅಪ್ಪೆಮಿಡಿ ಮರ ಹೊಳೆದಂಡೆಯಲ್ಲಿ ಬೆಳೆಯುತ್ತದೆ, ಮಿಡಿಯ ಕಾಲ ಬೇಸಿಗೆಯ ಶುರು, ಅಂದರೆ ಕಥೆ ಮಳೆಗೆ ಮುಂಚೆ ನಡೆಯುತ್ತಿದೆ. ಊಹಿಸಿದ್ದಕ್ಕೆ ಹಸಿರು: ಹೊರಡುವಾಗ ಹಂಚು ಬಿಚ್ಚಿಕೊಂಡಿರಬೇಕು, ಇದನ್ನು ಹಿರಿಯರಲ್ಲಿ ಕೇಳಿ ಖಾತ್ರಿಯಾದರೆ ನೀಲಿಗೆ ಬದಲಿಸಬಹುದು. ಕಟ್ಟಿದ್ದಕ್ಕೆ ಕೆಂಪು: ಅಜ್ಜಿಯ ಮಾತು, ತಪ್ಪಿದ ಎಣಿಕೆ. ತುಣುಕಿನಲ್ಲಿ ‘ದುಃಖ’ ಎಂಬ ಪದ ಇಲ್ಲ. ಎಲ್ಲಿದೆ ಎಂದು ಮಕ್ಕಳನ್ನು ಹುಡುಕಲು ಬಿಡಿ, ಎಣಿಕೆಯ ಸಾಲಿಗೆ ಬಂದು ನಿಲ್ಲುತ್ತಾರೆ.

ಪ್ರತಿ ಮಗು ತನ್ನ ಕಥೆಗೂ ಹೀಗೇ ಬಣ್ಣ ಹಚ್ಚಬೇಕು. ಬರೀ ಕೆಂಪಾದರೆ ಅದು ಯಾವ ಊರಿನ ಕಥೆಯೂ ಆಗಬಹುದು. ಬರೀ ನೀಲಿಯಾದರೆ ಅದು ಟಿಪ್ಪಣಿ, ಒಳಗೆ ಮನುಷ್ಯರಿಲ್ಲ. ನಾಲ್ಕನೇ ಪುಟ ಪುರಾವೆಯದು: ಐದು ನೀಲಿ ಸಾಲು, ಪ್ರತಿಯೊಂದೂ ಎಲ್ಲಿಂದ ತಿಳಿಯಿತು ಎಂದು. ನಕ್ಷೆ, ಗೋಡೆಯ ಪಟ್ಟಿ, ‘ಒಬ್ಬ ಅಜ್ಜಿ ಹೇಳಿದ್ದು’, ಇಷ್ಟು ಸಾಕು, ಹೆಸರು ಬೇಡ. ಅಂಕ ಕೊಡಲೇಬೇಕೆಂದಿದ್ದರೆ ಈ ಪುಟಕ್ಕೆ ಕೊಡಿ, ಕಣ್ಣೀರಿಗೆ ಕೊಡಬೇಡಿ.

ಕೆಡುವ ರೀತಿಗಳು ಎರಡು ಮೂರು. ಒಂದು, ಅಧಿಕಾರಿ ಮೀಸೆ ತಿರುವುವ ಖಳನಾಗುತ್ತಾನೆ. ನೋಟೀಸು ತಂದವನೂ ಸಂಬಳಕ್ಕೆ ದುಡಿಯುವವನು, ಅವನಿಗೂ ಒಂದು ಮಾತು ಬರೆಸಿ. ಇನ್ನೊಂದು, ‘ನಾಡಿಗೆ ಬೆಳಕು ಕೊಟ್ಟ ತ್ಯಾಗಿಗಳು’ ಎಂದು ಕಥೆ ಮುಗಿಯುತ್ತದೆ. ಆ ಮಾತು ದೊಡ್ಡವರ ಭಾಷಣದ್ದು. ಕೇಳಿ ಕೊಟ್ಟಿದ್ದರೆ ತ್ಯಾಗ, ಇಲ್ಲಿ ಕೇಳಿದ್ದರೇ ಎಂದು ಒಂದು ಪ್ರಶ್ನೆ ಹಾಕಿದರೆ ಮಗು ತಾನೇ ಆ ಸಾಲನ್ನು ಹೊಡೆದುಹಾಕುತ್ತದೆ. ಮತ್ತೆ, ಅಣೆಕಟ್ಟೇ ಬೇಡವಾಗಿತ್ತು ಎಂದು ತೀರ್ಪು ಬರೆಯುವವರೂ ಇರುತ್ತಾರೆ. ಹತ್ತು ವರ್ಷದ ಪಾತ್ರಕ್ಕೆ ಅಷ್ಟು ದೂರ ಕಾಣುವುದಿಲ್ಲ, ಅದಕ್ಕೆ ಕಾಣುವುದು ಗಾಡಿ.

ಎಂಟನೆಯದು: ಆಚೆ ದಡದವರು

ನಿರಾಶ್ರಿತರನ್ನು ತಂದು ಇಳಿಸಿದ ಕಾಡು ಖಾಲಿ ಜಾಗವಾಗಿರಲಿಲ್ಲ. ಅದು ಯಾರದೋ ಸೊಪ್ಪಿನ ಬೆಟ್ಟ, ಯಾರದೋ ದನ ಮೇಯುವ ಹಾಡ್ಯ. ಬೆಳಿಗ್ಗೆ ಎದ್ದು ನೋಡಿದರೆ ಅಲ್ಲಿ ಗುಡಿಸಲು. ಅರ್ಧ ತರಗತಿ ಅದೇ ದಿನವನ್ನು ಆ ಊರಿನ ಹುಡುಗಿಯ ಕಣ್ಣಿಂದ ಒಂದು ಪುಟ ಬರೆಯಲಿ: ಬಾವಿಯಲ್ಲಿ ನೀರು ಸೇದಲು ಬಂದ ಹೊಸಬಳಿಗೆ ಹಗ್ಗ ಕೊಟ್ಟಳೇ? ಉಳಿದರ್ಧ ಕಾರ್ಗಲ್ ಕಡೆ ಅಣೆಕಟ್ಟು ಕೆಲಸಕ್ಕೆಂದು ದೂರದಿಂದ ಬಂದ ಕೂಲಿಯ ಮಗನಾಗಿ ಬರೆಯಲಿ. ಒಂದು ಕಡೆಯಿಂದ ಜನ ಎದ್ದು ಹೋಗುತ್ತಿದ್ದಾಗ ಇನ್ನೊಂದು ಕಡೆಯಿಂದ ಬರುತ್ತಿದ್ದರು. ಅವನಿಗೆ ಕನ್ನಡ ಬರುವುದಿಲ್ಲ, ಆದ್ದರಿಂದ ಮಾತಿಲ್ಲದ ದೃಶ್ಯ ಬರೆಯಬೇಕು. ಮಕ್ಕಳಿಗೆ ಇದು ಕಷ್ಟ, ಆದರೆ ಒಳ್ಳೆಯ ಸಾಲುಗಳು ಇಲ್ಲೇ ಬೀಳುತ್ತವೆ. ತರಗತಿಯಲ್ಲಿ ಈಗಲೂ ತೋಟದ ಕೆಲಸಕ್ಕೆ ಬಂದ ಹೊರ ರಾಜ್ಯದ ಮಗು ಇದ್ದರೆ ಅದನ್ನು ಎಬ್ಬಿಸಿ ‘ನೀನು ಹೇಳು’ ಎನ್ನಬೇಡಿ. ಅದಕ್ಕೆ ಬೇಕೆನಿಸಿದರೆ ತಾನೇ ಬರೆಯುತ್ತದೆ.

ಹಿನ್ನೀರು ತೋರಿಸಲು ಕರೆದೊಯ್ಯುವುದಿದ್ದರೆ ರಸ್ತೆಯ ಮೇಲಿಂದಲೋ ಸೇತುವೆಯ ಬಳಿಯಿಂದಲೋ ಸಾಕು. ನೀರು ಇಳಿದ ದಂಡೆ ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಂಡರೂ ಕೆಳಗೆ ಹೂಳು ಮೆತ್ತಗಿರುತ್ತದೆ, ದೊಡ್ಡವರ ಕಾಲೂ ಹುಗಿಯುತ್ತದೆ.

ಶಾಲೆಯ ಗೋಡೆಗೆ ಹಚ್ಚುವ ಮುಂಚೆ ಕಥೆಯನ್ನು ಮಾತು ಕೊಟ್ಟ ಹಿರಿಯರಿಗೆ ಓದಿ ಹೇಳಬೇಕು. ‘ಹಂಚು ಇಳಿಸಿದ್ದು ಅಪ್ಪ ಅಲ್ಲ, ನಾವು ಹೆಂಗಸರು’ ಎಂದು ಅವರು ತಿದ್ದಿದರೆ ನೀಲಿ, ಹಸಿರು ಸಾಲುಗಳಲ್ಲಿ ಅವರ ಮಾತೇ ಕೊನೆ. ಕೆಂಪು ಸಾಲನ್ನು ಇಟ್ಟುಕೊಳ್ಳುವುದೂ ಬಿಡುವುದೂ ಮಗುವಿಗೆ ಸೇರಿದ್ದು. ಇದಕ್ಕಾಗಿಯೇ ಅಂತಿಮ ಪ್ರತಿಯನ್ನೂ ಪೆನ್ಸಿಲ್ಲಿನಲ್ಲೇ ಬರೆಸಿ, ಜೊತೆಗೊಂದು ರಬ್ಬರ್ ಕಳಿಸಿ.